ಭೂರಿಯ ಮೈಯ ಬಿಳಿ ಬಳೆ

ಚಾಂದ್‌ಖೇಡಾದ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡು ಗೋಪಾಲಕೃಷ್ಣರ ಉಡುಪಿ ಹೋಟೆಲು. ಅದರ ಬೆನ್ನಿಗೇ ಜೀವೀಬೇನಳ ಎಮ್ಮೆ ಹಟ್ಟಿ. ಮುಂದುಗಡೆ ತೈಲ ಕಂಪನಿಯ ಕ್ವಾರ್ಟರ್ಸು, ಆಟೊಗಳ ಗಲಾಟೆ, ಅಹಮದಾಬಾದಿಗೆ ಹೋಗುವ ಕೆಂಪು ಬಸ್ಸು. ಹಿಂದುಗಡೆ ಹಳೆಯ ಹಳ್ಳಿ, ಕೆರೆ, ಬೇವಿನ ಮರಗಳು, ಅದರಾಚೆ ಸಜ್ಜೆ ಮತ್ತು ಹರಳುಗಿಡದ ಹೊಲಗಳು. ಪಟ್ಟಣಕ್ಕೂ ಹಳ್ಳಿಗೂ ನಡುವೆ ಅಲ್ಲಿ ಇದ್ದದ್ದು ಒಂದೇ ಒಂದು ತಗಡಿನ ಬಾಗಿಲು, ಹೋಟೆಲಿನ ಅಡುಗೆಮನೆಯ ಹಿಂಬಾಗಿಲು. ಅದರ ಚಿಲಕ ಹಾಕಿದ್ದನ್ನು ಇಪ್ಪತ್ತು ವರ್ಷದಲ್ಲಿ ಕಂಡವರಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಜೀವೀಬೇನ್ ಆ ಬಾಗಿಲನ್ನು ಮೊಣಕಾಲಿನಿಂದ ನೂಕಿಕೊಂಡು ಹಾಲಿನ ಕೊಡ ತರುತ್ತಿದ್ದಳು. ಹೋಗುವಾಗ ಅದೇ ಕೈಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಇಡ್ಲಿ ತುಂಬಿದ ಬಾಲ್ದಿ. ದನ ಸಾಕುವ ರಬಾರಿ ಕುಲದ ಹೆಂಗಸು ಅವಳು. ಕಪ್ಪು ಉಣ್ಣೆಯ ಲೂದಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟು, ಮೊಣಕೈವರೆಗೆ ಹಚ್ಚೆ ಹೊಯ್ಯಿಸಿಕೊಂಡು, ಕಾಲಲ್ಲಿ ಸೇರು ತೂಕದ ಬೆಳ್ಳಿ ಕಡಗ ಹಾಕಿಕೊಂಡು ನಡೆದರೆ ನೆಲಕ್ಕೇ ಗೊತ್ತಾಗಬೇಕು.

"ನಿಮ್ಮ ಸಾಂಬಾರು ಕುಡಿದು ನನ್ನ ಎಮ್ಮೆಗಳೆಲ್ಲ ಮದ್ರಾಸಿ ಆಗಿಹೋದವು ಬೇನ್. ನಿನ್ನೆ ಒಂದು 'ಅಯ್ಯೋ' ಅಂದಿತು!" ಎಂದು ಅವಳು ಜಲಜಾಳನ್ನು ಕೆಣಕುತ್ತಿದ್ದಳು.

"ನೀನು ಹಾಲಿಗೆ ನೀರು ಬೆರೆಸೋದು ಕಂಡು ಅಂದಿರ್ತದೆ" ಎನ್ನುತ್ತಿದ್ದಳು ಜಲಜಾ.

ಜಲಜಾ ಗೋಪಾಲಕೃಷ್ಣರ ಹೆಂಡತಿ. ಬಾರಕೂರಿನ ಹತ್ತಿರದ ಹುಡುಗಿ. ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಒಂದು ವರ್ಷದ ಮಗಳು ಪ್ರೇರಣಾಳನ್ನು ಸೊಂಟಕ್ಕೆ ಏರಿಸಿಕೊಂಡು ಈ ಊರಿಗೆ ಬಂದಿಳಿದಳು. ಗುಜರಾತಿಯ ಒಂದಕ್ಷರ ಬಾರದು. ತರಕಾರಿಯವನ ಹತ್ತಿರ ಬೆರಳು ತೋರಿಸಿ ಬದುಕಿದಳು. ಆಮೇಲೆ ಹಟ್ಟಿಯಲ್ಲಿ ಕೂತು, ಜೀವೀಬೇನಳ ಬಾಯನ್ನೇ ನೋಡುತ್ತ ಒಂದೊಂದೇ ಮಾತು ಹೆಕ್ಕಿ ಕಲಿತಳು. ಶಾಲೆಯಲ್ಲಿ ಕಲಿತವರಿಗೆ ಇಲ್ಲದ ಹೆಮ್ಮೆ ಅವಳಿಗೆ ಆ ಭಾಷೆಯ ಮೇಲಿತ್ತು. ತಾನೇ ಹೊತ್ತು ತಂದ ನೀರು ಅದು.

ಅವಳ ತವರಿನಲ್ಲಿ ದೀಪಾವಳಿಯ ಪಾಡ್ಯಕ್ಕೆ ಗೋಪೂಜೆ. ಶೇಡಿಮಣ್ಣನ್ನು ಕಲಸಿ, ಲೋಟದ ಬಾಯನ್ನು ಅದರಲ್ಲಿ ಅದ್ದಿ ದನದ ಮೈಗೆ ಒತ್ತುವುದು. ಕಪ್ಪು ಮೈ, ಕೆಂಪು ಮೈ ಎನ್ನದೆ ತುಂಬ ಬಿಳಿ ಬಿಳಿ ಬಳೆಗಳು. ಹಟ್ಟಿಯ ಕಂಬಕ್ಕೂ ನೊಗಕ್ಕೂ ಬಾಗಿಲಿಗೂ ಅದೇ ಮುದ್ರೆ. ಚಾಂದ್‌ಖೇಡಾದ ಎರಡನೆಯ ದೀಪಾವಳಿಯಲ್ಲಿ ಜಲಜಾಳಿಗೆ ಕೈ ತಡೆಯಲಿಲ್ಲ. ಶೇಡಿ ಎಲ್ಲಿಂದ ತರುವುದು? ರುಬ್ಬಿಟ್ಟ ದೋಸೆಹಿಟ್ಟು ಇತ್ತು. ಒಂದು ಬಟ್ಟಲು ಹಿಟ್ಟು, ಒಂದು ಸ್ಟೀಲ್ ಲೋಟ ಹಿಡಿದು ತಗಡಿನ ಬಾಗಿಲು ದಾಟಿದಳು. ಜೀವೀಬೇನ್ ಸೊಂಟಕ್ಕೆ ಕೈ ಕೊಟ್ಟು ನೋಡಿದಳು. ಇವಳಿಗೆ ಏನೋ ಆಗಿದೆ ಎಂದುಕೊಂಡಳೋ ಏನೋ. ಗುಜರಾತಿನವರಿಗೆ ಅದು ಹೊಸ ವರ್ಷದ ದಿನ. ಹುಟ್ಟಿ ಎಂಟು ದಿನವಾಗಿದ್ದ, ಕಂದು ಬಣ್ಣದ ಒಂದು ಹೆಣ್ಣುಕರು ಬಳಿಯಲ್ಲಿ ನಿಂತಿತ್ತು. ಜಲಜಾ ಮೊದಲ ಬಳೆ ಒತ್ತಿದ್ದು ಅದಕ್ಕೆ. ಕರು ತಿರುಗಿ ತನ್ನ ಮೈಯನ್ನೇ ನೆಕ್ಕಿತು.

"ತಿಂದೇಬಿಟ್ಟಿತು ನಿನ್ನ ದೇವರನ್ನ!" ಎಂದು ಜೀವೀಬೇನ್ ನಕ್ಕಳು. ನಕ್ಕು, ಉಳಿದ ಎಮ್ಮೆಗಳನ್ನೂ ಒಂದೊಂದಾಗಿ ಹಿಡಿದು ನಿಲ್ಲಿಸಿದಳು.

ಆ ಕರುವೇ ಭೂರಿ. ಅಂದಿನಿಂದ ಪ್ರತಿ ಹೊಸ ವರ್ಷಕ್ಕೆ ಹಟ್ಟಿಯಲ್ಲಿ ದೋಸೆಹಿಟ್ಟಿನ ಬಳೆ ತಪ್ಪಲಿಲ್ಲ. ಹಿಟ್ಟಿನದಾದ್ದರಿಂದ ಮಾರನೆಯ ದಿನಕ್ಕೆ ಒಣಗಿ ಉದುರುತ್ತಿತ್ತು. ಉದುರಿದ್ದನ್ನು ಕೋಳಿ ಹೆಕ್ಕುತ್ತಿತ್ತು. ಅಷ್ಟಕ್ಕೆ ಮುಗಿಯಿತು.

ಪ್ರೇರಣಾ ಬೆಳೆದಳು. ಹೋಟೆಲಿನ ಮುಂದುಗಡೆ ಇಂಗ್ಲಿಷು, ಹಿಂದಿ, ಹಿಂದುಗಡೆ ಗುಜರಾತಿ, ಕನ್ನಡ ಮಾತ್ರ ಅಡುಗೆಮನೆಯ ಒಲೆಯ ಬುಡದ್ದು, ಅರ್ಧ ಬೆಂದದ್ದು. ಜೀವೀಬೇನಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ, ಭೂರಿಯ ಬೆನ್ನಿನ ಮೇಲೆ ಕೂತು ಪಾಠ ಓದಿದ ಹುಡುಗಿ ಅದು. ಚಿತ್ರ ಬರೆಯುವ ಹುಚ್ಚು ಹತ್ತಿ ವಡೋದರಾದ ಕಾಲೇಜಿಗೆ ಸೇರಿದಳು.

ಇತ್ತ ಹೊಲಗಳು ಒಂದೊಂದಾಗಿ ಕರಗಿದವು. ಹರಳು ಬೆಳೆಯುತ್ತಿದ್ದಲ್ಲಿ ಕಬ್ಬಿಣದ ಸರಳು ಎದ್ದಿತು. ಕೆರೆಯ ಅರ್ಧಕ್ಕೆ ಮಣ್ಣು ತುಂಬಿದರು. ಎರಡು ಸಾವಿರದ ಮೂರರ ಫಾಲ್ಗುಣದ ಹೊತ್ತಿಗೆ ಹಟ್ಟಿಯ ಜಾಗವೂ ಹೋಯಿತು. ಜಾಗದವರು ಯಾರಿಗೋ ಕೊಟ್ಟರು, ಅಲ್ಲಿ ಮನೆಗಳ ಸೊಸೈಟಿ ಏಳುತ್ತದೆ ಎಂದಾಯಿತು. ಕಲೋಲ್ ದಾಟಿದ ಮೇಲಿನ ಒಂದು ಹಳ್ಳಿಗೆ ಹೋಗುವುದು, ಏಳು ಎಮ್ಮೆ ಸಾಕುವ ಹುಲ್ಲು ಅಲ್ಲಿ ಇಲ್ಲದ್ದರಿಂದ ಆರನ್ನು ಮಾರುವುದು ಎಂದು ಜೀವೀಬೇನ್ ಗಟ್ಟಿ ಮಾಡಿದಳು. ಭೂರಿಯನ್ನು ಬಿಟ್ಟು. ಭೂರಿಗೆ ಹದಿನೆಂಟು ದಾಟಿತ್ತು, ಹಾಲು ಬತ್ತಿ ಎರಡು ವರ್ಷವಾಗಿತ್ತು. ಆದರೆ ಜೀವೀಬೇನಳ ತಾಯಿ ಮದುವೆಯಲ್ಲಿ ಕೊಟ್ಟ ಎಮ್ಮೆಯ ಮಗಳು ಅದು. ಗಂಡ ತೀರಿಕೊಂಡ ವರ್ಷ ಮನೆಯ ಒಲೆ ಉರಿದದ್ದು ಅದರ ಹಾಲಿನಿಂದ.

ಸೂರತ್ತಿನ ಒಂದು ತಬೇಲಾದ, ಎಂದರೆ ದೊಡ್ಡ ಎಮ್ಮೆ ಕೊಟ್ಟಿಗೆಯ, ವ್ಯಾಪಾರಿ ಒಂದು ಮಧ್ಯಾಹ್ನ ಬಂದು ಆರನ್ನು ಆರಿಸಿ ಹೋದ. ಲಾರಿ ಬರುವುದಕ್ಕೆ ಎರಡು ದಿನ ಮೊದಲು ಪಾಟಣದ ಕಡೆಯಿಂದ ಸುದ್ದಿ ಬಂತು, ಜೀವೀಬೇನಳ ಅಕ್ಕ ಹೋಗಿಬಿಟ್ಟಿದ್ದಳು. ಅವಳು ಹೊರಡುವ ಬೆಳಿಗ್ಗೆ ಭೂರಿಯ ಕೊರಳಿಗೆ ಒಂದು ನೀಲಿ ದಾರ ಕಟ್ಟಿದಳು, ದೃಷ್ಟಿಗೆಂದು. ಆಮೇಲೆ ತಗಡಿನ ಬಾಗಿಲಿಗೆ ಬಂದು ಜಲಜಾಳ ಕೈ ಹಿಡಿದಳು.

"ಹುಲ್ಲು ನೀರು ನೋಡ್ಕೋ ಬೇನ್. ನಾಡಿದ್ದು ಬೆಳಿಗ್ಗೆ ಲಾರಿ ಬರ್ತದೆ. ಚಾಂದ್ಲೋ ಇಟ್ಟವು ಆರು, ಅವನ್ನ ಹತ್ತಿಸ್ಕೊಂಡು ಹೋಗ್ತಾರೆ. ಭೂರಿಗೆ ಚಾಂದ್ಲೋ ಇಲ್ಲ. ತಿಳೀತಾ? ಸಾವಿಲ್ಲದಿದ್ರೂ ನಾನು ಆವತ್ತು ಇಲ್ಲಿ ಇರ್ತಿರಲಿಲ್ಲ, ನೋಡೋಕಾಗೋದಿಲ್ಲ ನಂಗೆ."

"ಇಪ್ಪತ್ತು ವರ್ಷ ಆಯ್ತು. ಗುಜರಾತಿ ಇನ್ನೂ ಹೇಳಿಕೊಡ್ತೀಯಾ?" ಎಂದಳು ಜಲಜಾ.

ಚಾಂದ್ಲೋ ಎಂದರೆ ಹಣೆಯ ಬೊಟ್ಟು. ಜಲಜಾ ಕಲಿತ ಮೊದಲ ಹತ್ತು ಮಾತಿನಲ್ಲಿ ಅದೂ ಒಂದು. ಮದುವೆ ಮನೆಗೆ ಹೋದಾಗ ಯಾರೋ ಹಣೆಗೆ ಕುಂಕುಮ ಇಟ್ಟು ಕಲಿಸಿದ್ದು. ಹಟ್ಟಿಗೆ ಹೋಗಿ ನೋಡಿದಳು. ಯಾವ ಎಮ್ಮೆಯ ಹಣೆಯ ಮೇಲೂ ಬೊಟ್ಟಿಲ್ಲ. ಹೆಣ್ಣು ಕಳಿಸುವಾಗ ಇಟ್ಟ ಹಾಗೆ, ಲಾರಿಯವರೇ ಹತ್ತಿಸುವಾಗ ಇಡುತ್ತಾರೆ ಎಂದುಕೊಂಡಳು. ದನದ ವ್ಯಾಪಾರದವರ ಬಾಯಲ್ಲಿ ಆ ಮಾತಿಗೆ ಬೇರೆ ಜಾಗವಿದೆ ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ಆರಿಸಿದ ಎಮ್ಮೆಯ ಬಲಪಕ್ಕೆಯ ಮೇಲೆ ಸುಣ್ಣದಲ್ಲಿ ಒಂದು ದುಂಡು ಗುರುತು ಎಳೆದು ಅವರು ಅದನ್ನೇ ಚಾಂದ್ಲೋ ಎನ್ನುತ್ತಿದ್ದರು. ಆ ಗುರುತುಗಳಾದರೋ ಕೆರೆಯ ಕೆಸರಿನಲ್ಲಿ ಹೊರಳಿ ಹೊರಳಿ ಅಷ್ಟರಲ್ಲೇ ಮಾಸಿಹೋಗಿದ್ದವು.

ಮರುದಿನ ಪ್ರೇರಣಾ ವಡೋದರಾದಿಂದ ಓಡಿಬಂದಳು. ಕೊರಳಲ್ಲಿ ಕ್ಯಾಮೆರಾ.

"ಅಮ್ಮ, ಕೊನೇ ವರ್ಷದ ಪ್ರದರ್ಶನ. ನನ್ನ ವಿಷಯ ಏನು ಗೊತ್ತಾ, ಶಹರ ಎಲ್ಲಿ ಮುಗಿಯುತ್ತದೆ, ಹಳ್ಳಿ ಎಲ್ಲಿ ಶುರು. ನಂಗೆ ಭೂರಿ ಬೇಕು. ಹಿಂದೆ ಆ ಅರ್ಧ ಕಟ್ಟಿದ ಬಿಲ್ಡಿಂಗು, ಮುಂದೆ ಭೂರಿ. ಮೈತುಂಬ ನಿನ್ನ ಲೋಟದ ಬಳೆ."

"ಈಗ ಎಂತ ದೀಪಾವಳಿಯನೇ ಹೆಣೆ? ಹೊತ್ತಲ್ಲದ ಹೊತ್ತಲ್ಲಿ ಮುದ್ರೆ ಒತ್ತೂಕಾಗ."

"ಪೂಜೆ ಅಲ್ಲಮ್ಮಾ, ಫೋಟೊ. ನಾಳೆ ಹಟ್ಟಿ ಖಾಲಿ ಆಗ್ತದೆ. ಇನ್ನು ಯಾವಾಗ ತೆಗೀಲಿ? ಪ್ಲೀಸ್, ಬೆಳಕು ಹೋಗ್ತದೆ."

ಮಗಳ ಮುಖ ನೋಡಿದಳು. ಆ ಮುಖದಲ್ಲಿ, ತನ್ನ ತವರಿನ ಒಂದು ಸಂಗತಿಯನ್ನು ಮಗಳು ಮೊದಲ ಸಲ ಬೇಕು ಎಂದು ಬಾಯಿಬಿಟ್ಟು ಕೇಳುತ್ತಿದ್ದಾಳೆ ಎಂಬುದು ಮಾತ್ರ ಜಲಜಾಳಿಗೆ ಕಂಡಿತು. ಕನ್ನಡದ ಅಕ್ಷರ ಬೇಡ ಎಂದವಳು, ಊರಿಗೆ ಬರುವುದಿಲ್ಲ ಎಂದವಳು ಅಮ್ಮನ ಲೋಟ ಬೇಕು ಎನ್ನುತ್ತಿದ್ದಾಳೆ! ಹಿಟ್ಟಿನ ಪಾತ್ರೆ ತೆಗೆದಳು.

ಜಲಜಾ ಒಂದು ಬಳೆ ಒತ್ತಿದಳು. ಪ್ರೇರಣಾ ಕ್ಯಾಮೆರಾದಲ್ಲಿ ನೋಡಿ ತಲೆಯಾಡಿಸಿದಳು. "ಹಿಟ್ಟು ಹರೀತದೆ, ಬಿಳಿ ಸಾಲದು." ಹೋಗಿ ಗೋಡೆಗೆ ಬಳಿಯಲು ತಂದಿಟ್ಟಿದ್ದ ಸುಣ್ಣ ತಂದು ಕಲಸಿದಳು. ಈಗ ಬಳೆ ಹಾಲಿನ ಕೆನೆಯ ಹಾಗೆ ಕೂತಿತು. ಪಕ್ಕೆಗೆ, ಬೆನ್ನಿಗೆ, ತೊಡೆಗೆ. ಭೂರಿ ಕಣ್ಣು ಮುಚ್ಚಿ ನಿಂತಿತ್ತು, ಹದಿನೆಂಟು ವರ್ಷದ ಅಭ್ಯಾಸ.

"ಹಣೆಗ್ ಮಾತ್ರ ಬ್ಯಾಡ" ಎಂದಳು ಜಲಜಾ. "ಚಾಂದ್ಲೋ ಇದ್ದದ್ದನ್ನ ಲಾರಿಯವ್ರು ಕೊಂಡ್‌ಹೋತ್ರ್ ಅಂಬ್ರು."

ಅಷ್ಟು ಎಚ್ಚರ ಅವಳದು.

ಸಂಜೆಯ ರೈಲಿಗೆ ಮಗಳು ಹೊರಟುಹೋದಳು. ಮಾರನೆಯ ಬೆಳಿಗ್ಗೆ ಜಲಜಾ ಇಡ್ಲಿ ಪಾತ್ರೆ ಇಳಿಸುವ ಹೊತ್ತಿಗೆ ಹಿಂದೆ ಲಾರಿಯ ಸದ್ದು. ಗಿರಾಕಿಗಳು ತುಂಬಿದ್ದರು, ಕೈ ಬಿಡುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಲಾರಿಯವನೇ ಒಳಗೆ ಬಂದು ಕೂತ. ಅವಳೇ ಚಹಾ ಕೊಟ್ಟಳು.

"ಚಾಂದ್ಲೋ ಇದ್ದ ಆರೂ ಹತ್ತಿದವು ಬೇನ್."

"ಒಳ್ಳೇದು ಭಾಯ್. ದಾರೀಲಿ ನೀರು ಕುಡಿಸಿ" ಎಂದಳು ಜಲಜಾ. ಒಪ್ಪಿಸಿದ ಕೆಲಸ ಸುಸೂತ್ರ ಆಯಿತೆಂಬ ಸಮಾಧಾನ. ಲಾರಿ ರಸ್ತೆಗೆ ಏರಿ ಸದ್ದು ಅಡಗಿತು.

ಬಾಲ್ದಿ ಹಿಡಿದು ಹಟ್ಟಿಗೆ ಹೋದಳು. ಗೂಟದಲ್ಲಿ ಉಳಿದಿದ್ದದ್ದು ಕಾಬ್ರಿ, ಮೂರು ವರ್ಷದ ಹಿಂದೆ ಹುಟ್ಟಿದ, ಗಬ್ಬವಾಗಿದ್ದ ಎಳೆಯ ಎಮ್ಮೆ. ಭೂರಿಯ ಗೂಟ ಖಾಲಿ. ಜಲಜಾ ಕಾಬ್ರಿಯ ಸುತ್ತ ಒಂದು ಸುತ್ತು ಬಂದಳು. ಬಲಪಕ್ಕೆಯ ಒಣಗಿದ ಕೆಸರಿನ ಅಡಿಯಲ್ಲಿ ಮಾಸಲು ಬಿಳಿಯ ಒಂದು ದುಂಡು ಕಂಡಿತು. ಬೆರಳಿನಿಂದ ಉಜ್ಜಿದಳು. ಸುಣ್ಣ.

ಬಾಲ್ದಿ ಎಲ್ಲಿ ಬಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ಹೋಟೆಲಿನೊಳಗೆ ಬಂದು ಗಂಡನ ಮುಂದೆ ನಿಂತಳು.

"ಹ್ವಾಯ್, ಭೂರಿ ಹೋಯ್ತ್. ನಾನೇ ಕಳ್ಸಿದೆ."

ಗೋಪಾಲಕೃಷ್ಣರು ಎಲ್ಲ ಕೇಳಿದರು. ಮೆತ್ತಗಿನ ಮನುಷ್ಯ. "ಇಂದೇ ಅವ್ಳಿಗೆ ಹೇಳ್, ಇಂದೇ ಸೂರತ್ತಿಗೆ ಹೋಯ್ನಿ. ಮುದ್ರೆ ನಮ್ದ್, ತಪ್ಪ್ ನಮ್ದ್ ಅಂದ್ರೆ ಕೊಡ್ತ. ಹೇಳದಿದ್ರೆ ಅದ್ ದೊಡ್ಡದಾತ್ತ್" ಎಂದರು.

ಸಂಜೆ ಜೀವೀಬೇನ್ ಸಾವಿನ ಮನೆಯಿಂದ ಬಂದಳು. ಅತ್ತು ಊದಿದ ಕಣ್ಣು. ಭೂರಿಯ ಖಾಲಿ ಗೂಟ ನೋಡಿದಳು, ಕಾಬ್ರಿಯ ಹಗ್ಗ ಮುಟ್ಟಿ ನೋಡಿದಳು. ಜಲಜಾ ಬಾಯಿ ತೆರೆದಳು. ಅಷ್ಟರಲ್ಲಿ ಜೀವೀಬೇನಳೇ ಅವಳ ಹೆಗಲು ತಟ್ಟಿದಳು.

"ನೀನ್ಯಾಕೆ ಅಳ್ತೀ ಬೇನ್? ಲಾರಿಯವನು ಕುರುಡ. ಹೆದರಬೇಡ, ಬರ್ತಾಳೆ. ಭೂರಿ ಮೈ ಮೇಲೆ ಚಾಂದ್ಲೋ ಇಲ್ಲವಲ್ಲ! ಇಳಿಸಿದ ಕೂಡಲೇ ವ್ಯಾಪಾರಿ ನೋಡ್ತಾನೆ, ತಾನು ಕೊಂಡದ್ದಲ್ಲ ಅಂತ ತಿಳೀತದೆ, ತಾನೇ ವಾಪಸು ಕಳಿಸ್ತಾನೆ. ದನದ ವ್ಯಾಪಾರದಲ್ಲಿ ಗುರುತಿಗೆ ಮೋಸ ಇಲ್ಲ."

ತೆರೆದ ಬಾಯಿ ಮುಚ್ಚಿತು. ಸಮಾಧಾನ ಹೇಳಬೇಕಾದವಳು ತಾನು, ಹೇಳಿಸಿಕೊಂಡವಳೂ ತಾನೇ.

ಮರುದಿನ ಹೋಟೆಲಿನ ಫೋನಿನಿಂದ ಸೂರತ್ತಿಗೆ ಕರೆ ಮಾಡಿದ್ದು ಜಲಜಾಳೇ. ಜೀವೀಬೇನಳಿಗೆ ಫೋನೆಂದರೆ ದಿಗಿಲು, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಳು. "ಹೇಳು ಬೇನ್, ಅದಕ್ಕೆ ಚಾಂದ್ಲೋ ಇರಲಿಲ್ಲ ಅಂತ ಹೇಳು."

"ಅದಕ್ಕೆ ಚಾಂದ್ಲೋ ಇರಲಿಲ್ಲ ಭಾಯ್" ಎಂದಳು ಜಲಜಾ.

"ಇಲ್ಲದೆ ಏನು ಬೇನ್? ಎಲ್ಲಕ್ಕಿಂತ ಚೆನ್ನಾಗಿ ಇದ್ದದ್ದು ಅದಕ್ಕೇ. ಮೈತುಂಬ ಇತ್ತು" ಎಂದ ವ್ಯಾಪಾರಿ. "ಒಂದು ಎಮ್ಮೆಗೆ ಮತ್ತೆ ಲಾರಿ ಕಳಿಸಿದ್ರೆ ಬಾಡಿಗೆ ಹುಟ್ಟೋದಿಲ್ಲ. ಉಳಿದದ್ದನ್ನ ನೀವೇ ಇಟ್ಕೊಳ್ಳಿ, ಅದು ಕರು ಹಾಕೋದು. ಲಾಭ ನಿಮಗೇ."

ಜಲಜಾ ಫೋನು ಇಟ್ಟಳು.

"ಏನಂದ?"

"ನಾಳೆ ನೋಡ್ತೇನೆ ಅಂದ."

ಇಂಥ ನಾಳೆಗಳು ಹದಿನೆಂಟಾದವು. ಬೆಳಿಗ್ಗೆ ಸಿಪ್ಪೆಯ ಬಾಲ್ದಿಗೆ ಬಂದ ಕೂಡಲೇ ಜೀವೀಬೇನ್ ಫೋನಿನ ಕಡೆ ನೋಡುವಳು. ಕೆಲವು ದಿನ ಜಲಜಾ ನಂಬರು ಒತ್ತಿದ ಹಾಗೆ ಮಾಡಿ, ಯಾರೂ ಎತ್ತುವುದಿಲ್ಲ ಎಂದಳು. ಊರವರು ಬೇರೆ, "ಬತ್ತಿದ ಮುದುಕಿ ಹೋಗಿ ಗಬ್ಬದ್ದು ಉಳಿಯಿತು, ಅಳುತ್ತಾಳಂತೆ ಇವಳು!" ಎಂದು ಆಡಿಕೊಂಡರು. ಜೀವೀಬೇನ್ ಕಾಬ್ರಿಗೆ ಹುಲ್ಲು ಹಾಕುವಾಗ ಅದರ ಮುಖ ನೋಡುತ್ತಿರಲಿಲ್ಲ.

"ಹೇಳ್ದ್ಯಾ?" ಎಂದು ಗೋಪಾಲಕೃಷ್ಣರು ದಿನಾ ಕೇಳುವರು.

"ನಾಳೆ ಹೇಳ್ತೆ. ಬಾಯ್ ಬತ್ತಿಲ್ಲೆ."

ಮಗಳಿಗೂ ಹೇಳಲಿಲ್ಲ. ಪ್ರದರ್ಶನದ ಹೊತ್ತು, ಹುಡುಗಿಯ ಮನಸ್ಸು ಕೆಡುವುದು ಬೇಡ ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

ಹತ್ತೊಂಬತ್ತನೆಯ ದಿನ ಜೀವೀಬೇನ್ ಲೂದಿ ಬಿಗಿದು ಬಂದು, "ನಡಿ ಬೇನ್, ನಾವೇ ಹೋಗೋಣ. ಅವಳು ಹೊಸ ಕೈಯಲ್ಲಿ ಮೇಯೋದಿಲ್ಲ" ಎಂದಳು. ಇಬ್ಬರೂ ಅಹಮದಾಬಾದಿನ ಕಾಲೂಪುರದಲ್ಲಿ ರೈಲು ಹತ್ತಿದರು. ಜೀವೀಬೇನಳ ಮಡಿಲಲ್ಲಿ ಒಂದು ಹಗ್ಗ, ಬೆಲ್ಲದ ಗಂಟು. ಭೂರಿಗೆ ಬೆಲ್ಲ ಇಷ್ಟ.

ಸೂರತ್ತಿನಲ್ಲಿ ಇಳಿದು, ಆಟೊದಲ್ಲಿ ಸೀರೆ ಕಾರ್ಖಾನೆಗಳ ಬೀದಿಗಳನ್ನೆಲ್ಲ ದಾಟಿ, ಊರು ಮುಗಿಯಿತೇ ಇಲ್ಲವೇ ಎಂದು ತಿಳಿಯದ ಒಂದು ಜಾಗದಲ್ಲಿ ತಬೇಲಾ ಸಿಕ್ಕಿತು. ಉದ್ದನೆಯ ಶೆಡ್ಡು, ಸಿಮೆಂಟಿನ ನೆಲ, ಎರಡು ಸಾಲಿನಲ್ಲಿ ನೂರಾರು ಎಮ್ಮೆ. ಎಲ್ಲದರ ಮೈ ತೊಳೆದು ಒಂದೇ ಹಾಗೆ ಮಿಂಚುತ್ತಿತ್ತು. ಬಾಗಿಲಲ್ಲೇ ನಿಂತು ಜೀವೀಬೇನ್ ಕೆರೆಯಿಂದ ಕರೆಯುವ ದನಿಯಲ್ಲಿ ಕೂಗಿದಳು, "ಭೂರೀ... ಹೋ... ಹೋ..."

ನೂರಾರರಲ್ಲಿ ಐದು ತಲೆ ತಿರುಗಿತು. ಐದೂ ಅವಳವೇ, ಅವಳು ಮಾರಿದವು. ಹಗ್ಗ ಜಗ್ಗಿಕೊಂಡು ಅವು ಕೂಗಿದವು. ಆರನೆಯದು ಇರಲಿಲ್ಲ.

ನೀರಿನ ಪೈಪು ಹಿಡಿದ ಕೆಲಸದವನು ಬಂದ. "ಬತ್ತಿದ್ದನ್ನ ಇಲ್ಲಿ ಮೂರು ದಿನಕ್ಕಿಂತ ಹೆಚ್ಚು ಕಟ್ಟೋದಿಲ್ಲ ಮಾ ಜೀ. ಕೊರಳಲ್ಲಿ ನೀಲಿ ದಾರ ಇದ್ದದ್ದು ತಾನೆ? ಬಂದ ನಾಲ್ಕನೇ ದಿನ ಹೋಯ್ತು."

"ಎಲ್ಲಿಗೆ?"

ಅವನು ಪೈಪನ್ನು ಇನ್ನೊಂದು ಸಾಲಿನ ಕಡೆ ತಿರುಗಿಸಿದ. ನೀರಿನ ಸದ್ದು ಜೋರಾಯಿತು.

ಜೀವೀಬೇನ್ ಬೆಲ್ಲದ ಗಂಟು ಬಿಚ್ಚಿ ಐದಕ್ಕೂ ಹಂಚಿದಳು. ಜಲಜಾ ಕಂಬ ಹಿಡಿದು ನಿಂತಿದ್ದಳು. ಮೂರು ದಿನ. ಆ ಮೂರು ದಿನವೂ ಅವಳು ಬಾಯಲ್ಲಿ ಮಾತು ಇಟ್ಟುಕೊಂಡು ಇಡ್ಲಿ ಬೇಯಿಸಿದ್ದಳು.

ಮರಳುವ ರೈಲು ವಡೋದರಾದಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಪ್ರೇರಣಾ ಕಿಟಕಿ ಕಿಟಕಿ ಇಣುಕುತ್ತಿದ್ದಳು. ಅಮ್ಮ ಮತ್ತು ಮಾಸಿ ಎಮ್ಮೆಯ ಕೆಲಸಕ್ಕೆ ಸೂರತ್ತಿಗೆ ಹೋದದ್ದು, ಇದೇ ಗಾಡಿಗೆ ಬರುವುದು ಅಪ್ಪನಿಂದ ಅವಳಿಗೆ ಗೊತ್ತಾಗಿತ್ತು. "ಇಳೀರಿ, ಇಳೀರಿ! ಇವತ್ತು ನನ್ನ ಪ್ರದರ್ಶನದ ಕೊನೇ ದಿನ. ಮಾಸಿ, ನಿಮಗೆ ಒಂದು ತೋರಿಸ್ಬೇಕು!"

"ಬೇಡ ಹೆಣೆ, ಮಾಸಿಗೆ ಆಯಾಸ ಆಯ್ದ್" ಎಂದಳು ಜಲಜಾ. ಅವಳ ಕೈ ಕಿಟಕಿಯ ಸರಳನ್ನು ಬಿಡಲಿಲ್ಲ.

"ಛೋಕರಿ ಕರೀತಿದೆ. ಇವತ್ತು ಒಂದಾದರೂ ಒಳ್ಳೇದು ನೋಡ್ತೇನೆ" ಎಂದು ಜೀವೀಬೇನ್ ಇಳಿದೇಬಿಟ್ಟಳು.

ದೊಡ್ಡ ಬಿಳಿ ಹಜಾರ. ಗೋಡೆಯಲ್ಲಿ ಅಹಮದಾಬಾದಿನ ನಕ್ಷೆ, ಅದರ ಅಂಚಿನಲ್ಲಿ ಊರು ಬೆಳೆದ ಕಡೆಗೆಲ್ಲ ಲೋಟದ ಬಾಯಿಂದ ಒತ್ತಿದ ಬಿಳಿ ಬಳೆಗಳು. ನಡುವೆ ಚಾವಣಿಯಿಂದ ನೆಲದವರೆಗೆ ಒಂದು ಬಟ್ಟೆ ತೂಗುಬಿಟ್ಟಿತ್ತು, ಸೂರತ್ತಿನಲ್ಲೇ ಅಚ್ಚು ಹಾಕಿಸಿದ ಸೀರೆ ಬಟ್ಟೆ. ಅದರ ಮೇಲೆ ಭೂರಿ. ಇದ್ದಷ್ಟೇ ಎತ್ತರ, ಇದ್ದಷ್ಟೇ ಅಗಲ. ಹಿಂದೆ ಸರಳು ಚಾಚಿದ ಕಟ್ಟಡ, ಮುಂದೆ ಕಣ್ಣು ಮುಚ್ಚಿ ನಿಂತ ಭೂರಿ, ಮೈತುಂಬ ಬಿಳಿ ಬಳೆ. ಫ್ಯಾನಿನ ಗಾಳಿಗೆ ಬಟ್ಟೆ ಆಡಿದಾಗ ಪಕ್ಕೆ ಉಸಿರಾಡಿದ ಹಾಗೆ ಕಾಣುತ್ತಿತ್ತು.

ಜೀವೀಬೇನಳ ಬಾಯಿಂದ ಸಣ್ಣ ಸದ್ದು ಹೊರಟಿತು. ಓಡಿಹೋಗಿ ಅಂಗೈಯನ್ನು ಭೂರಿಯ ಮೂತಿಗೆ ಒತ್ತಿದಳು. ಬಟ್ಟೆ ಹಿಂದಕ್ಕೆ ಸರಿಯಿತು. ಮತ್ತೆ ಒತ್ತಿದಳು, ಮತ್ತೆ ಸರಿಯಿತು. ಬಗ್ಗಿ ಮೂಸಿದಳು. ನೋಡಲು ಬಂದ ಇಬ್ಬರು ಹುಡುಗರು ಇದೂ ಪ್ರದರ್ಶನದ ಭಾಗವೆಂದು ತಿಳಿದು ಮೆಲ್ಲಗೆ 'ವಾಹ್' ಎಂದರು. ಒಬ್ಬ ಕ್ಯಾಮೆರಾ ಎತ್ತಿದ.

ಅವಳ ಕೈ ಕೊರಳಿನವರೆಗೆ ಬಂದು ನಿಂತಿತು. ನೀಲಿ ದಾರ.

ಬಹಳ ಹೊತ್ತು ಆ ದಾರವನ್ನೇ ನೋಡಿದಳು. ಆಮೇಲೆ ತಿರುಗದೆ ಕೇಳಿದಳು:

"ಜಲಜಾಬೇನ್, ಇದು ಯಾವ ದಿವಾಳಿ?"

ಜಲಜಾ ಮಗಳ ತೋಳಿಗೆ ಕೈ ಚಾಚಿದಳು.

"ದಿವಾಳಿ ಅಲ್ಲ ಮಾಸಿ" ಎಂದಳು ಪ್ರೇರಣಾ, ಮುಖ ಅರಳಿಸಿಕೊಂಡು. "ನೀವು ಪಾಟಣಕ್ಕೆ ಹೋಗಿದ್ರಲ್ಲ, ಆಗ. ಅಮ್ಮ ಒತ್ತಿದ್ದು. ಬಿಳಿ ಚೆನ್ನಾಗಿ ಬರಲಿ ಅಂತ ಸುಣ್ಣ ಬೆರೆಸಿದ್ದು ನಾನು. ಹಿಟ್ಟಾದ್ರೆ ಉದುರ್ತದೆ."

ಜೀವೀಬೇನ್ ಮೆಲ್ಲಗೆ ನೆಲದ ಮೇಲೆ ಕೂತಳು, ಬಟ್ಟೆಯ ಬುಡದಲ್ಲಿ, ಭೂರಿಯ ಕಾಲ ಹತ್ತಿರ.

"ಫೋನಿನಲ್ಲಿ ಅವನು ಏನಂದಿದ್ದ?"

"ಚಾಂದ್ಲೋ ಇತ್ತು ಅಂದಿದ್ದ" ಎಂದಳು ಜಲಜಾ.

"ಯಾವತ್ತು?"

"ಮೊದಲ ದಿನವೇ."

"ಮೊದಲ ದಿನವೇ" ಎಂದು ಜೀವೀಬೇನ್ ಆ ಮಾತನ್ನು ಇನ್ನೊಮ್ಮೆ ಆಡಿದಳು, ಭಾರ ನೋಡುವವರ ಹಾಗೆ.

"ಹಣೆಯ ಬೊಟ್ಟು ಅಂದ್ಕೊಂಡೆ ಜೀವೀ. ಹಣೆಗೆ ಇಡಲಿಲ್ಲ ನಾನು, ಒಂದೂ ಇಡಲಿಲ್ಲ..."

"ಗೊತ್ತು. ಮಾತು ತಪ್ಪಿ ತಿಳಿದದ್ದಕ್ಕೆ ನಾನೇನೂ ಅನ್ನೋದಿಲ್ಲ." ಅವಳು ಲೂದಿಯನ್ನು ಮುಖದ ಮೇಲೆ ಎಳೆದುಕೊಂಡಳು. ಇಪ್ಪತ್ತು ವರ್ಷದಲ್ಲಿ ಜಲಜಾಳ ಮುಂದೆ ಅವಳು ಮುಖ ಮುಚ್ಚಿದ್ದು ಅದೇ ಮೊದಲು.

ನಡೆದದ್ದು ಈಗ ಪ್ರೇರಣಾಳಿಗೂ ತಿಳಿಯಿತು. ಅಳುತ್ತ ಸ್ಟೂಲು ಎಳೆದು ಬಟ್ಟೆ ಬಿಚ್ಚಲು ಹೋದಳು. "ಮಾಸಿ, ತಗೊಂಡು ಹೋಗಿ, ನಿಮ್ಮದು ಇದು, ತಗೊಂಡು ಹೋಗಿ."

"ಇರಲಿ ಬಿಡು ಛೋಕರಿ" ಎಂದಿತು ಲೂದಿಯ ಒಳಗಿನ ದನಿ. "ಇದಕ್ಕೆ ಹುಲ್ಲು ಬೇಡ, ನೀರು ಬೇಡ. ನಿಮ್ಮ ಶಹರದಲ್ಲೇ ಇರಲಿ."

ಅಹಮದಾಬಾದಿನವರೆಗೆ ಇಬ್ಬರೂ ಎದುರುಬದುರು ಕೂತು ಬಂದರು. ಜಲಜಾ ಬಿಚ್ಚಿಟ್ಟ ಬುತ್ತಿ ಹಾಗೇ ಹಳಸಿತು. ಮಾರನೆಯ ದಿನದಿಂದ ಜೀವೀಬೇನ್ ತಗಡಿನ ಬಾಗಿಲು ನೂಕಲಿಲ್ಲ. ಸಿಪ್ಪೆಯ ಬಾಲ್ದಿ ತುಂಬಿ ತುಂಬಿ ಹೊರಗೆ ಚೆಲ್ಲಬೇಕಾಯಿತು. ಹತ್ತು ದಿನಕ್ಕೆ ಜೀವೀಬೇನ್ ಕಾಬ್ರಿಯನ್ನು ಹೊಡೆದುಕೊಂಡು ನಡೆದೇ ಹೊರಟುಹೋದಳು. ತಗಡಿನ ಬಾಗಿಲಿನ ಮುಂದೆಯೇ ಹೋದಳು, ಕಡಗದ ಸದ್ದು ಕೇಳಿಸಿತು. ಜಲಜಾ ಬರುವಷ್ಟರಲ್ಲಿ ಸದ್ದು ದೂರವಾಗಿತ್ತು. ಸೊಸೈಟಿಯ ಕೆಲಸದವರ ಧೂಳು ಒಳಗೆ ಬರುತ್ತದೆಂದು ಗೋಪಾಲಕೃಷ್ಣರು ಬಾಗಿಲು ಮುಚ್ಚಿದರು. ಚಿಲಕ ತುಕ್ಕು ಹಿಡಿದು ಜರುಗಲಿಲ್ಲ, ಸುತ್ತಿಗೆಯಿಂದ ಬಡಿದು ಹಾಕಬೇಕಾಯಿತು. ಪ್ರೇರಣಾಳ ಕೆಲಸವನ್ನು ಎಲ್ಲರೂ ಹೊಗಳಿದರು. ಅವಳು ಆ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದವಳು ಮತ್ತೆ ತೆಗೆಯಲಿಲ್ಲ.

ದೀಪಾವಳಿ ಬಂತು. ಪಾಡ್ಯದ ಬೆಳಿಗ್ಗೆ ಜಲಜಾ ಒಂದು ಡಬ್ಬಿಗೆ ದೋಸೆಹಿಟ್ಟು ತುಂಬಿ, ಲೋಟವನ್ನು ಅದರ ಮೇಲೆ ಕವುಚಿ ಕಟ್ಟಿಕೊಂಡು ಹೊರಟಳು. ಕಲೋಲಿನವರೆಗೆ ಬಸ್ಸು, ಆಮೇಲೆ ಜೀಪು, ಆಮೇಲೆ ಕಾಲು. ಮುದ್ರೆ ಒತ್ತುತ್ತೇನೆ ಎಂಬ ಧೈರ್ಯ ಇರಲಿಲ್ಲ. ಬರಿಗೈಯಲ್ಲಿ ಹೋಗುವ ಧೈರ್ಯವೂ ಇರಲಿಲ್ಲ.

ಜೀವೀಬೇನ್ ಹೊಸ ಹಟ್ಟಿಯ ಮುಂದೆ ನೆಲ ಸಾರಿಸಿ ಮುಗಿಸಿದ್ದಳು. ನೋಡಿದಳು. ಮುಖ ಮುಚ್ಚಲಿಲ್ಲ.

"ಸಾಲ್ ಮುಬಾರಕ್ ಬೇನ್. ಬಾ."

ಹೊರಸು ಹಾಕಿ ಕೂರಿಸಿದಳು, ಚಹಾಕ್ಕೆ ಇಟ್ಟಳು. ಕಾಬ್ರಿ ಪಕ್ಕದಲ್ಲೇ ಕಟ್ಟಿತ್ತು, ಅದರ ಕರು ಮೊಲೆಗೆ ತಲೆ ಗುದ್ದುತ್ತಿತ್ತು. ಜಲಜಾ ಡಬ್ಬಿಯ ಗಂಟು ಬಿಚ್ಚಿ ಲೋಟವನ್ನು ನೆಲದ ಮೇಲೆ ಕವುಚಿಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತೆಲ್ಲ ಒಂದೇ ಸಾಲಿಗೆ ಇಳಿದಿತ್ತು.

"ಆವತ್ತೇ ಹೇಳಬೇಕಿತ್ತು ನಾನು."

"ಹೌದು" ಎಂದಳು ಜೀವೀಬೇನ್. "ಹೇಳಬೇಕಿತ್ತು."

ಚಹಾ ಕುದಿಯಿತು. ಬಗ್ಗಿಸಿ ಕೊಡಲೆಂದು ಅವಳು ಜಲಜಾಳ ಲೋಟವನ್ನೇ ಎತ್ತಿಕೊಂಡಳು. ಡಬ್ಬಿಯಿಂದ ಸೋರಿದ ಹಿಟ್ಟು ಲೋಟದ ಬಾಯಿಗೆ ಹತ್ತಿತ್ತು. ಎತ್ತಿದ ಜಾಗದಲ್ಲಿ, ಹಸಿ ಸಗಣಿಯ ಹಸುರು ನೆಲದ ಮೇಲೆ, ಒಂದು ಬಿಳಿ ಬಳೆ ಉಳಿಯಿತು.

ಇಬ್ಬರೂ ಅದನ್ನು ನೋಡಿದರು.

ಜೀವೀಬೇನ್ ಲೋಟ ಕೆಳಗಿಟ್ಟು ಎದ್ದಳು. ಕಾಬ್ರಿಯ ಹಗ್ಗ ಬಿಚ್ಚಿ, ಕರುವಿನ ಸಮೇತ ಹಟ್ಟಿಯ ಆಚೆ ಬದಿಗೆ ಕಟ್ಟಿ ಬಂದಳು. ಆಮೇಲೆ ಕುಕ್ಕುರುಗಾಲಿನಲ್ಲಿ ಕೂತು ಅಂಗೈಯಿಂದ ಆ ಬಳೆಯನ್ನು ಒರೆಸಿದಳು, ಒಂದು ಸಲ, ಎರಡು ಸಲ, ಗುರುತು ಪೂರ ಹೋಗುವವರೆಗೆ. ಕೈಯನ್ನು ಲೂದಿಗೆ ಉಜ್ಜಿಕೊಂಡಳು. ಕಪ್ಪು ಉಣ್ಣೆಯ ಮೇಲೆ ಬಿಳಿ ಹಾಗೇ ನಿಂತಿತು.

ಲೋಟ ತೊಳೆದು ಚಹಾ ತುಂಬಿಸಿ ಜಲಜಾಳ ಮುಂದೆ ಇಟ್ಟಳು.

"ಆರ್ತದೆ ಬೇನ್, ಕುಡಿ. ಕೊನೇ ಜೀಪು ಬೇಗ ಹೋಗ್ತದೆ."

ಜಲಜಾ ಕುಡಿದಳು. ಜೀವೀಬೇನ್ ಬಾಗಿಲಿನವರೆಗೆ ಬಂದು ಅಲ್ಲೇ ನಿಂತಳು.